ಕುಡುಕನೆಂಬ ಹೆಸರು

ಹಳ್ಳಿಯಲ್ಲಿ ಒಬ್ಬ ಮನುಷ್ಯನಿಗೆ ಒಂದು ಹೆಸರು ಬಿದ್ದುಬಿಟ್ಟರೆ ಅದು ಮೈಮೇಲಿನ ಮಚ್ಚೆಯಂತೆ, ತೊಳೆದರೆ ಹೋಗುವಂಥದಲ್ಲ. ಜಿಪುಣ, ಬಾಯಿಬಡಿಕ, ಸೋಮಾರಿ, ಕುಡುಕ, ಹೀಗೆ ಎಷ್ಟೋ ಹೆಸರುಗಳುಂಟು. ಇವುಗಳಲ್ಲೆಲ್ಲ ‘ಕುಡುಕ’ ಎಂಬುದಕ್ಕೆ ಒಂದು ವಿಶೇಷವಿದೆ. ಉಳಿದ ಹೆಸರುಗಳು ಮನುಷ್ಯನ ಯಾವುದೋ ಒಂದು ಗುಣವನ್ನು ಹೇಳಿ ಸುಮ್ಮನಾಗುತ್ತವೆ. ಇದು ಹಾಗಲ್ಲ. ಅವನು ಸಾಲ ಮಾಡಿದ್ದೇಕೆ, ತೋಟ ಮಾರಿದ್ದೇಕೆ, ಹೆಂಡತಿ ತವರಿಗೆ ಹೋದದ್ದೇಕೆ, ಮೂರು ತಿಂಗಳು ಕೋಣೆಯಿಂದ ಹೊರಗೆ ಬಾರದೆ ಮಲಗಿದ್ದೇಕೆ ಎಂಬ ಎಲ್ಲ ಪ್ರಶ್ನೆಗಳಿಗೂ ಈ ಒಂದೇ ಹೆಸರು ಉತ್ತರ ಹೇಳಿಬಿಡುತ್ತದೆ. ಉತ್ತರ ಸಿಕ್ಕಿದ ಮೇಲೆ ಮುಂದಕ್ಕೆ ವಿಚಾರಿಸುವ ತೊಂದರೆಯನ್ನು ಯಾರು ತೆಗೆದುಕೊಳ್ಳುತ್ತಾರೆ?

ನಾನು ಬರೆಯಹೊರಟಿರುವುದು ಅಂಥ ಹೆಸರು ಬಿದ್ದ ನನ್ನ ಸೋದರಮಾವನ ವಿಷಯ. ಅವನು ನಮ್ಮ ತಾಯಿಯ ತಮ್ಮ. ನಮ್ಮ ಕಡೆ ಸೋದರಮಾವನನ್ನು ಏಕವಚನದಲ್ಲಿಯೇ ಮಾತನಾಡಿಸುವುದು ವಾಡಿಕೆ; ಅದು ಸಲಿಗೆಯೇ ಹೊರತು ಅಗೌರವವಲ್ಲವೆಂದು ಅಧ್ಯಾಪಕ ವರ್ಗದವರು ತಿಳಿಯಬೇಕಾಗಿ ಪ್ರಾರ್ಥನೆ. ಮಾವನಿಗಿರುವುದು ವೈದ್ಯರು ‘ಬೈಪೋಲಾರ್’ ಎಂದು ಕರೆಯುವ ಕಾಯಿಲೆ. ಮನಃಶಾಸ್ತ್ರವನ್ನು ಐಚ್ಛಿಕ ವಿಷಯವನ್ನಾಗಿ ನಾನು ತೆಗೆದುಕೊಂಡದ್ದಕ್ಕೆ ಕಾರಣ ಅವನೇ.

ಬೈಪೋಲಾರ್ ಎಂದರೆ ಎರಡು ಧ್ರುವಗಳುಳ್ಳದ್ದು ಎಂದು ಅರ್ಥ. ಒಂದು ಧ್ರುವ ಉನ್ಮಾದ. ಆಗ ದಿನಕ್ಕೆ ಎರಡು ಮೂರು ಗಂಟೆ ಕಣ್ಣು ಮುಚ್ಚಿದರೂ ಸಾಕೆನಿಸುತ್ತದೆ. ಮಾತು ನಿಲ್ಲುವುದಿಲ್ಲ, ಕೈಯಲ್ಲಿ ಹಣ ನಿಲ್ಲುವುದಿಲ್ಲ. ತನ್ನಿಂದ ಆಗದ ಕೆಲಸ ಈ ಲೋಕದಲ್ಲಿಲ್ಲ ಎಂಬ ಭಾವನೆ ಬರುತ್ತದೆ. ಇನ್ನೊಂದು ಧ್ರುವ ಖಿನ್ನತೆ. ಆಗ ಎದ್ದು ಹಲ್ಲುಜ್ಜುವುದೂ ಬೆಟ್ಟ ಹತ್ತಿದಷ್ಟು ಕಷ್ಟ. ಬದುಕಿರುವುದೇ ತಪ್ಪೆನಿಸುವುದೂ ಉಂಟು. ಬೆಳಗ್ಗೆ ನಕ್ಕು ಸಂಜೆ ಅಳುವವರನ್ನೆಲ್ಲ ಈ ಹೆಸರಿನಿಂದ ಕರೆಯುವ ರೂಢಿ ಈಚೆಗೆ ನಮ್ಮ ಹುಡುಗರಲ್ಲಿ ಹಬ್ಬಿದೆ. ಅದು ಸರಿಯಲ್ಲ. ಈ ಕಾಯಿಲೆಯ ಏರಿಳಿತಗಳು ವಾರ, ತಿಂಗಳುಗಳ ಲೆಕ್ಕದವು. ನಡುವೆ ವರ್ಷಗಟ್ಟಲೆ ಮನಸ್ಸು ಸಮವಾಗಿರುವುದೂ ಸಾಧ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಸುಮಾರು ಇನ್ನೂರು ವಯಸ್ಕರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಈ ಕಾಯಿಲೆ ಬಂದಿರುತ್ತದೆ. ಕಾಯಿಲೆಯಿದ್ದವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಆ ಎಪ್ಪತ್ತರಲ್ಲಿ ಊರಿನವರ ಬಾಯಲ್ಲಿ ಬರಿಯ ಕುಡುಕರೆನಿಸಿಕೊಂಡವರು ಎಷ್ಟು ಮಂದಿಯೋ ಎಂದು ನನಗೆ ಅನೇಕ ವೇಳೆ ಅನ್ನಿಸಿದೆ.

ಮಾವ ಕಾಯಿಲೆಗೆ ಮುಂಚೆ ಹೇಗಿದ್ದನೆಂಬುದನ್ನು ನಾನು ಹೆಚ್ಚಾಗಿ ತಾಯಿಯಿಂದ ಕೇಳಿ ಬಲ್ಲೆ. ಹತ್ತು ವರ್ಷದ ಹುಡುಗ ಪಂಪ್‌ಸೆಟ್ಟಿನ ಮನೆಯ ಮೇಲಿಂದ ಬಾವಿಗೆ ಹಾರಿದನಂತೆ; ಈಜು ಬರುತ್ತದೆಯೋ ಇಲ್ಲವೋ ಎಂಬ ಯೋಚನೆ ಹಾರಿದ ಮೇಲೆ ಬಂತಂತೆ. ನಮ್ಮ ತಾಯಿ ಇದಕ್ಕೆ ‘ದುಡುಕು’ ಎನ್ನುತ್ತಾಳೆ. ಬೆಳೆದು ತೆಂಗಿನ ತೋಟಗಳನ್ನು ಗುತ್ತಿಗೆ ಹಿಡಿಯುವ ವ್ಯಾಪಾರಕ್ಕೆ ನಿಂತ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ದಾರಿ ನಮ್ಮ ಕಡೆಯವರಿಗೆಲ್ಲ ತಿಳಿದದ್ದೇ. ಬೇರೆ ಗುತ್ತಿಗೆದಾರರು ಮರ ಮರವನ್ನೂ ತಲೆಯೆತ್ತಿ ಎಣಿಸಿ, ಮನೆಗೆ ಹೋಗಿ ಲೆಕ್ಕ ಹಾಕಿ, ಮಾರನೆಯ ದಿನ ಬೆಲೆ ಹೇಳುವರು. ಮಾವ ತೋಟದ ಬದುವಿನ ಮೇಲೆ ಒಂದು ಸುತ್ತು ಬಂದು ನಿಂತ ಕಾಲಿನಲ್ಲೇ ಬೆಲೆ ಕಟ್ಟಿ ಮುಂಗಡ ಕೊಟ್ಟುಬಿಡುತ್ತಿದ್ದ. ಇದರಲ್ಲಿ ಕೆಲವು ಸಲ ಕೈ ಸುಟ್ಟುಕೊಂಡನೆಂಬುದು ನಿಜ. ಆದರೆ ಅನೇಕ ಸಲ ಉಳಿದವರು ಲೆಕ್ಕ ಹಾಕುತ್ತಿರುವಾಗಲೇ ಒಳ್ಳೆಯ ತೋಟ ಇವನ ಕೈಗೆ ಬಂದಿರುತ್ತಿತ್ತು. ಅವನ ದುಡುಕು ಮನೆಗೆ ಅನ್ನ ತಂದ ಗುಣವೂ ಹೌದು.

ಅದೇ ಗುಣ ಅವನನ್ನು ನಾಟಕಕ್ಕೂ ಎಳೆಯಿತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವೆಂದರೆ ಪಾತ್ರ ಮಾಡುವವನೇ ಹಣ ಕೊಟ್ಟು ಪಾತ್ರ ಪಡೆಯುವ ಪದ್ಧತಿ. ದುರ್ಯೋಧನನ ಪಾತ್ರಕ್ಕೆ ಬೆಲೆ ಹೆಚ್ಚು. 2014ರ ಜಾತ್ರೆಯಲ್ಲಿ ಮಾವ ಇಪ್ಪತ್ತು ಸಾವಿರ ಕೊಟ್ಟು ಆ ಪಾತ್ರ ಹಿಡಿದ. ಈ ಲೇಖನ ಬರೆಯಲು ನಾನು ಅವನ ಒಪ್ಪಿಗೆ ಕೇಳಿದಾಗ, “ಹೆಸರು ಹಾಕ್ಬೇಡ ಕಣೋ. ಆದ್ರೆ ದುರ್ಯೋಧನನ ಪಾರ್ಟು ಚೆನ್ನಾಗಿ ಮಾಡಿದ್ದ ಅನ್ನೋದೊಂದು ಬರಿ” ಎಂದ. ನನಗೆ ಆಗ ಒಂಬತ್ತೋ ಹತ್ತೋ ವಯಸ್ಸು. ಬೆಳಗಿನ ಜಾವದವರೆಗೆ ಕಣ್ಣು ಮಿಟುಕಿಸದೆ ನೋಡಿದ್ದೆ. ಚೆನ್ನಾಗಿಯೇ ಮಾಡಿದ್ದ.

ಆ ದಿನಗಳಲ್ಲಿ ಅವನ ಕುಡಿತವೆಂದರೆ ಹಬ್ಬ, ಬಾಡೂಟದ ಲೆಕ್ಕ. ಊರಿನ ಅರ್ಧ ಗಂಡಸರದ್ದೂ ಅಷ್ಟೇ.

2016ರ ಯುಗಾದಿಯ ಹೊತ್ತಿಗೆ ಏನಾಯಿತೆಂದರೆ ಅವನಿಗೆ ನಿದ್ರೆ ಬೇಡವಾಯಿತು. ರಾತ್ರಿ ಎರಡು ಗಂಟೆಗೆ ಎದ್ದು ತೋಟಕ್ಕೆ ಹೋಗುವನು. ಆ ವರ್ಷ ಬರಗಾಲ. ಎಲ್ಲರ ತೋಟವೂ ಒಣಗುತ್ತಿತ್ತು. ನೀರು ತೋರಿಸುವವನನ್ನು ಕರೆತಂದು, ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನಡೆಸಿ, ಒಂದೇ ತಿಂಗಳಲ್ಲಿ ಮೂರು ಬೋರು ಕೊರೆಸಿದ. ಮೂರೂ ಏಳುನೂರು ಅಡಿ ದಾಟಿದುವು. ಮೂರರಲ್ಲೂ ಬಂದದ್ದು ಧೂಳು. ನಾಲ್ಕನೆಯದನ್ನು ಪಕ್ಕದವರ ಜಮೀನಿನಲ್ಲಿ, ಅವರು ಕೇಳದೆಯೇ, ತನ್ನ ಖರ್ಚಿನಲ್ಲಿ ಕೊರೆಸಿಕೊಡಲು ಹೊರಟಿದ್ದ. ಕುಡಿತ ಏರಿದ್ದು ಇದಾದ ಮೇಲೆ. ಬೋರು ಕೊರೆಯುವ ಲಾರಿಯವರೊಡನೆ ಶುರುವಾದದ್ದು ಬೆಳಗಿನಿಂದ ರಾತ್ರಿಯವರೆಗೆ ಬೆಳೆಯಿತು. ದೀಪಾವಳಿಯ ವೇಳೆಗೆ ಎಲ್ಲ ಇಳಿದುಹೋಗಿ, ಮಾವ ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಆಗಲೂ ಕುಡಿತ ನಿಲ್ಲಲಿಲ್ಲ. ಆದರೆ ಅದು ಬೇರೆ ಬಗೆಯ ಕುಡಿತ. ಗೆಳೆಯರಿಲ್ಲ, ಮಾತಿಲ್ಲ. ರಾತ್ರಿ ಒಬ್ಬನೇ ಪ್ಯಾಕೆಟ್ಟು ಹರಿದು ಕುಡಿದು ಮಲಗುವುದು. ಸಾಲ ತೀರಿಸಲು ಒಂದು ಎಕರೆ ಹತ್ತು ಗುಂಟೆ ತೋಟ ಹೋಯಿತು. ಅತ್ತೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಊರು ಹೆಸರಿಟ್ಟಿತು.

ಈಗ ಶಾಸ್ತ್ರಜ್ಞರ ಮಾತಿಗೆ ಬರುತ್ತೇನೆ. ಈ ಕಾಯಿಲೆಯವರಲ್ಲಿ ಕುಡಿತವೂ ಇತರ ಮಾದಕ ವಸ್ತುಗಳ ಚಟವೂ ಸಾಮಾನ್ಯಕ್ಕಿಂತ ಹೆಚ್ಚೆಂಬುದರಲ್ಲಿ ಸಂಶಯವಿಲ್ಲ. ಅಮೆರಿಕಾದ ಐದು ಕಡೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 1990ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಅಧ್ಯಯನವಿದೆ. ಪೂರ್ಣ ಉನ್ಮಾದ ಬಂದುಹೋದ ಬೈಪೋಲಾರ್ ರೋಗಿಗಳಲ್ಲಿ ನೂರಕ್ಕೆ ಸುಮಾರು 61 ಮಂದಿಗೆ ಜೀವನದಲ್ಲಿ ಎಂದಾದರೊಮ್ಮೆ ಇಂಥ ವ್ಯಸನ ಕಾಣಿಸಿಕೊಂಡಿತ್ತು. ಒಟ್ಟು ಜನರಲ್ಲಿ ಈ ಪ್ರಮಾಣ ನೂರಕ್ಕೆ 17ರಷ್ಟು. ಅಮೆರಿಕಾದ ಲೆಕ್ಕವನ್ನು ನಮ್ಮ ಹಳ್ಳಿಗೆ ಹಾಗೆಯೇ ಹೊಂದಿಸಲಾಗದು. ಇದರ ಜೊತೆಗೆ ಇನ್ನೊಂದನ್ನೂ ನೆನಪಿಡಬೇಕು. ಅದೇ ಲೆಕ್ಕದಲ್ಲಿ ನೂರಕ್ಕೆ 39 ಮಂದಿಗೆ ಯಾವ ವ್ಯಸನವೂ ಇರಲಿಲ್ಲ. ಬೈಪೋಲಾರ್ ಎಂದ ಕೂಡಲೆ ಕುಡುಕನೆಂದು ತಿಳಿಯುವುದು, ಕುಡುಕನೆಂದ ಕೂಡಲೆ ವಿಚಾರ ಮುಗಿಯಿತೆಂದು ತಿಳಿದಷ್ಟೇ ಅನ್ಯಾಯ.

ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಕಷ್ಟದ ಪ್ರಶ್ನೆ. ಉನ್ಮಾದ ಮತ್ತು ಖಿನ್ನತೆ ಬೇರೆ ಬೇರೆ ಹುಚ್ಚುಗಳಲ್ಲ, ಒಂದೇ ಕಾಯಿಲೆಯ ಎರಡು ಅವಸ್ಥೆಗಳು ಎಂಬ ವಿಚಾರವನ್ನು 1899ರಲ್ಲಿ ಗಟ್ಟಿಯಾಗಿ ಮುಂದಿಟ್ಟವನು ಜರ್ಮನಿಯ ಎಮಿಲ್ ಕ್ರೇಪೆಲಿನ್. ಈತ ಕುಡಿತದ ಕಡುವೈರಿ. ಅದರ ವಿರುದ್ಧ ಪ್ರಚಾರ ಮಾಡಿದವನು. ಆದುದರಿಂದ ಎಲ್ಲ ದೋಷವನ್ನೂ ಕುಡಿತದ ತಲೆಗೆ ಕಟ್ಟಲು ಇವನಿಗಿಂತ ತಕ್ಕವರು ಸಿಕ್ಕುತ್ತಿರಲಿಲ್ಲ. ಆದರೂ ತನ್ನ ಗಂಡು ರೋಗಿಗಳಲ್ಲಿ ನಾಲ್ಕರಲ್ಲೊಂದು ಪಾಲಿನವರು ಕುಡಿಯುವವರೆಂದು ಬರೆದು, ಅದು ಉದ್ರೇಕದ ಕಾಲದಲ್ಲಿ ಹತ್ತಿಕೊಂಡ ಪರಿಣಾಮವೇ ಹೊರತು ಕಾಯಿಲೆಯ ಕಾರಣವಲ್ಲವೆಂದು ಅಭಿಪ್ರಾಯಪಟ್ಟ. ಅಷ್ಟೇ ಅಲ್ಲ, ಕಾಯಿಲೆ ಬರುವುದಕ್ಕೆ ಮುಂಚೆಯೂ, ಬಂದು ಹೋದ ಮೇಲೂ ಮನುಷ್ಯನಲ್ಲಿ ಕಾಣುವ ಸ್ವಭಾವದ ಕೆಲವು ಬಗೆಗಳನ್ನೂ ಗುರುತಿಸಿದ: ಸದಾ ಕುಗ್ಗಿದವನು, ಸದಾ ಉಕ್ಕುವವನು, ಬೇಗ ಕೆರಳುವವನು, ಎರಡರ ನಡುವೆ ತೂಗುವವನು.

ಈ ಸ್ವಭಾವದ ವಿಚಾರವನ್ನು ಈಚಿನವರು ಪ್ರಶ್ನಾವಳಿಗಳಿಂದ ಅಳೆಯುತ್ತಾರೆ. ‘ಬ್ಯಾರೆಟ್ ಮಾಪಕ’ವೆಂಬುದೊಂದಿದೆ, ಅದರಲ್ಲಿ 30 ವಾಕ್ಯಗಳು. ಯೋಚಿಸದೆ ಕೆಲಸಕ್ಕೆ ಇಳಿಯುತ್ತೀರಾ, ಮುಂದಿನದನ್ನು ಯೋಜಿಸುತ್ತೀರಾ ಎಂಬ ಬಗೆಯವು. ನಮ್ಮ ತಾಯಿ ಒಂದೇ ಮಾತಿನಲ್ಲಿ ದುಡುಕು ಎಂದದ್ದನ್ನೇ ಅದು ಮೂವತ್ತು ವಾಕ್ಯಗಳಲ್ಲಿ ಕೇಳುತ್ತದೆ. ಅಮೆರಿಕಾದ ಆಲನ್ ಸ್ವಾನ್ ಮತ್ತು ಅವರ ಸಂಗಡಿಗರು 2004ರಲ್ಲಿ ಬೈಪೋಲಾರ್ ಕಾಯಿಲೆಗೂ ಮಾದಕ ವ್ಯಸನಕ್ಕೂ ನಡುವಣ ಒಂದು ಕೊಂಡಿ ಈ ದುಡುಕೇ ಎಂದು ತೋರಿಸಿದರು. ಕಾಯಿಲೆ ಇಳಿದು ಮನಸ್ಸು ಸಮವಾಗಿರುವಾಗಲೂ ಈ ರೋಗಿಗಳಲ್ಲಿ ದುಡುಕು ಇತರರಿಗಿಂತ ಹೆಚ್ಚಾಗಿ ಕಾಣುತ್ತದೆ. ವ್ಯಸನವೂ ಜೊತೆಗಿದ್ದವರಲ್ಲಿ ಇನ್ನೂ ಹೆಚ್ಚು. ಹೊಸ ಅನುಭವಕ್ಕಾಗಿ ಹಾತೊರೆಯುವುದು, ಸಣ್ಣ ಮಾತಿಗೂ ಬೇಗ ನೋಯುವುದು, ಇವನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಬಾವಿಗೆ ಹಾರಿದ ಹುಡುಗ ನನ್ನ ಕಣ್ಣ ಮುಂದೆ ಬಂದ. ಆದರೆ ಬಾವಿಗೆ ಹಾರಿದ ಹುಡುಗರು ಆ ಊರಿನಲ್ಲಿ ಇನ್ನೂ ನಾಲ್ವರಿದ್ದರು. ಅವರಾರಿಗೂ ಈ ಕಾಯಿಲೆ ಬರಲಿಲ್ಲ. ಸ್ವಭಾವ ಹೊಲವಿದ್ದಂತೆ, ಬೀಜ ಬೇರೆ ಕಡೆಯಿಂದ ಬರಬೇಕು. ಅದು ವಂಶದಿಂದ ಬರುವುದೇ ಹೆಚ್ಚೆಂದು ಪಂಡಿತರ ಮತ.

ಈ ಮೂರೂ, ಎಂದರೆ ಸ್ವಭಾವ, ಕಾಯಿಲೆ, ಕುಡಿತ, ಒಬ್ಬನಲ್ಲಿಯೇ ಹೆಣೆದುಕೊಂಡದ್ದನ್ನು ಕಾಣಬೇಕಾದರೆ ಅಮೆರಿಕಾದ ಕವಿ ರಾಬರ್ಟ್ ಲೊವೆಲ್ಲನ ಜೀವನವನ್ನು ನೋಡಬೇಕು. ತಾನೂ ಇದೇ ಕಾಯಿಲೆಯನ್ನುಂಡ ಮನಃಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ 2017ರಲ್ಲಿ ಇವನ ಮೇಲೆ ದೊಡ್ಡ ಗ್ರಂಥವನ್ನೇ ಬರೆದಿದ್ದಾರೆ. ಲೊವೆಲ್ ಹುಟ್ಟಿದ್ದು 1917ರಲ್ಲಿ, ಬಾಸ್ಟನ್ನಿನ ದೊಡ್ಡ ಮನೆತನದಲ್ಲಿ. ಶಾಲೆಯಲ್ಲಿ ಇವನ ಒರಟುತನ, ಹಟಗಳಿಗಾಗಿ ಹುಡುಗರು ‘ಕ್ಯಾಲ್’ ಎಂದು ಹೆಸರಿಟ್ಟರು. ರೋಮಿನ ದುಷ್ಟ ಚಕ್ರವರ್ತಿ ಕ್ಯಾಲಿಗುಲ ಮತ್ತು ಷೇಕ್ಸ್‌ಪಿಯರನ ಕ್ಯಾಲಿಬನ್, ಇಬ್ಬರೂ ಆ ಹೆಸರಿನ ಹಿಂದಿದ್ದಾರೆ. ಹೆಸರು ಕೊನೆಯವರೆಗೂ ಹೋಗಲಿಲ್ಲ. ಅಡ್ಡಹೆಸರಿನ ವಿಷಯದಲ್ಲಿ ಬಾಸ್ಟನ್ನಿಗೂ ನಮ್ಮೂರಿಗೂ ಅಂತರ ಕಡಿಮೆಯೆಂದು ತೋರುತ್ತದೆ. 1943ರಲ್ಲಿ ಯುದ್ಧಕ್ಕೆ ಸೇರುವುದಿಲ್ಲವೆಂದು ಹೇಳಿ ಸೆರೆಮನೆಗೆ ಹೋದ. 1947ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ಮೊದಲ ದೊಡ್ಡ ಉನ್ಮಾದ ಬಂದದ್ದು 1949ರಲ್ಲಿ. ಎಂದರೆ, ಹಟವೂ ಕಾವ್ಯವೂ ಅದಕ್ಕೆ ಮುಂಚೆಯೇ ಇದ್ದುವು. ಕಾಯಿಲೆಯೇ ಕವಿಯನ್ನು ಮಾಡಿತೆಂದು ಬೆರಗಾಗುವವರು ಈ ತಾರೀಖುಗಳನ್ನು ನೋಡಿಕೊಳ್ಳುವುದು ಒಳ್ಳೆಯದು. ಆಮೇಲೆ ಮತ್ತೆ ಮತ್ತೆ ಆಸ್ಪತ್ರೆ. 1958ರಲ್ಲಿ ಬಾಸ್ಟನ್ನಿನ ಬಳಿಯ ಮೆಕ್ಲೀನ್ ಆಸ್ಪತ್ರೆಯಲ್ಲಿದ್ದ. 1962ರಲ್ಲಿ ಬ್ವೇನಸ್ ಐರಿಸ್ ನಗರಕ್ಕೆ ಹೋದಾಗ ಮಾತ್ರೆಗಳನ್ನು ಬಿಸುಟು, ವಿಪರೀತ ಕುಡಿದು, ಚೌಕಗಳಲ್ಲಿದ್ದ ಕುದುರೆ ಸವಾರರ ಪ್ರತಿಮೆಗಳನ್ನು ಹತ್ತಿ ಕುಳಿತ. ಇಲ್ಲಿ ಎಷ್ಟು ಕ್ಯಾಲ್, ಎಷ್ಟು ಉನ್ಮಾದ, ಎಷ್ಟು ಮದ್ಯ ಎಂದು ಯಾರು ಅಳೆದು ಹೇಳಬಲ್ಲರು? 1967ರಲ್ಲಿ ಲಿಥಿಯಂ ದೊರೆತ ಮೇಲೆ ಬಹಳ ಮಟ್ಟಿಗೆ ಸುಧಾರಿಸಿದ. ಆದರೆ ಕುಡಿತ ಪೂರ್ತಿಯಾಗಿ ಬಿಡಲಿಲ್ಲ. 1977ರಲ್ಲಿ ನ್ಯೂಯಾರ್ಕಿನಲ್ಲಿ, ಟ್ಯಾಕ್ಸಿಯಲ್ಲಿ ಹೋಗುತ್ತಿರುವಾಗ ಹೃದಯಾಘಾತದಿಂದ ತೀರಿಕೊಂಡ.

ನಮ್ಮ ಮಾವನಿಗೆ ಕಾವ್ಯವಿಲ್ಲ, ಬಹುಮಾನವಿಲ್ಲ. ಅವನ ಮೇಲೆ ಯಾರೂ ಗ್ರಂಥ ಬರೆಯುವುದಿಲ್ಲ. 2018ರಲ್ಲಿ ಊರಿನ ಹಿರಿಯರು ಸೇರಿ ಅವನನ್ನು ಒಂದು ಮದ್ಯವರ್ಜನ ಶಿಬಿರಕ್ಕೆ ಸೇರಿಸಿದರು. ಅವರ ಉದ್ದೇಶ ಒಳ್ಳೆಯದೇ. ಮಾವ ಕುಡಿತವನ್ನು ನಿಜವಾಗಿ ಬಿಟ್ಟ. ಶಿಬಿರದ ಕೊನೆಯ ದಿನ ಹಾರ ಹಾಕಿಸಿಕೊಂಡು ಭಾಷಣವನ್ನೂ ಮಾಡಿದ. ನಾಲ್ಕು ನಿಮಿಷ ಮಾತನಾಡೆಂದರೆ ಮುಕ್ಕಾಲು ಗಂಟೆ ಮಾತನಾಡಿದ. ಜನ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಒಂದು ವಾರ ಮಲಗಲೇ ಇಲ್ಲ. ಜಿಲ್ಲೆಯ ಹಳ್ಳಿ ಹಳ್ಳಿಗೂ ಹೋಗಿ ಕುಡಿತ ಬಿಡಿಸುತ್ತೇನೆಂದು ಒಂದು ವ್ಯಾನು ಕೊಳ್ಳಲು ಮುಂಗಡ ಕೊಟ್ಟುಬಂದ. ಒಂದು ತೊಟ್ಟು ಮದ್ಯ ಹೊಟ್ಟೆಯಲ್ಲಿರಲಿಲ್ಲ. ಕುಡಿತವೇ ಎಲ್ಲಕ್ಕೂ ಕಾರಣವೆನ್ನುತ್ತಿದ್ದ ಊರಿನವರು ಈಗ ಗುಟ್ಟಾಗಿ ಕುಡಿಯುತ್ತಿದ್ದಾನೆಂದರು.

ಅನಂತರ ನಡೆದ ಅಲೆದಾಟವನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಒಂದು ಊರಿನ ವ್ಯಸನಮುಕ್ತಿ ಕೇಂದ್ರದವರು, “ಇದು ಮನಸ್ಸಿನ ಕಾಯಿಲೆ, ಮೊದಲು ಅದನ್ನು ತೋರಿಸಿಕೊಂಡು ಬನ್ನಿ” ಎಂದರು. ಇನ್ನೊಂದು ಊರಿನ ಆಸ್ಪತ್ರೆಯಲ್ಲಿ, “ಮೊದಲು ಕುಡಿತ ಬಿಡಿಸಿ, ಆಮೇಲೆ ಕರೆತನ್ನಿ” ಎಂದರು. ಆ ವೇಳೆಗೆ ಅವನು ಮತ್ತೆ ಕುಡಿಯತೊಡಗಿದ್ದ. ನಮ್ಮ ತಾಯಿ ಪಹಣಿ ತಿದ್ದಿಸಲು ತಾಲ್ಲೂಕು ಕಛೇರಿಗೆ ಅಲೆದು ಪಳಗಿದವಳು. “ಇಲ್ಲೂ ಆ ಟೇಬಲ್ಲು ಈ ಟೇಬಲ್ಲು ಅಂತಾರಲ್ಲಪ್ಪ” ಎಂದಳು. ಒಬ್ಬ ಮನುಷ್ಯನನ್ನು ಎರಡು ಕಡತಗಳನ್ನಾಗಿ ಮಾಡಿ, ಎರಡನ್ನೂ ಯಾರೂ ತೆರೆಯದೆ ಒಂದು ವರ್ಷ ಕಳೆಯಿತು.

ಮೆಕ್ಲೀನ್ ಆಸ್ಪತ್ರೆಯ ಹೆಸರನ್ನು ಮೇಲೆ ಹೇಳಿದೆನಷ್ಟೆ. ಅಲ್ಲಿಯ ವೈದ್ಯ ರೋಜರ್ ವೈಸ್ ಎಂಬವರು ಈ ಎರಡು ಕಡತಗಳನ್ನು ಒಂದು ಮಾಡುವ ಚಿಕಿತ್ಸಾಕ್ರಮವನ್ನು ಬೆಳೆಸಿದರು. ಬೈಪೋಲಾರನ್ನೂ ವ್ಯಸನವನ್ನೂ ಒಂದೇ ಕಾಯಿಲೆಯೆಂದು ಭಾವಿಸಿ ನಡೆಯಬೇಕೆಂದು ರೋಗಿಗಳಿಗೆ ಗುಂಪಿನಲ್ಲಿ ಕೂರಿಸಿ ಕಲಿಸುವುದು ಇದರ ತಿರುಳು: ಕುಡಿಯಕೂಡದು, ಔಷಧ ಬಿಡಕೂಡದು, ಒಂದನ್ನು ತಪ್ಪಿದರೆ ಇನ್ನೊಂದೂ ಕೆಡುತ್ತದೆ. 62 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ವ್ಯಸನಕ್ಕೆ ಮಾತ್ರ ಸಲಹೆ ಪಡೆದ ಗುಂಪಿಗಿಂತ ಈ ಗುಂಪಿನವರು ಮಾದಕ ವಸ್ತು ಮುಟ್ಟಿದ ದಿನಗಳು ಕಡಿಮೆಯಾದುವು. ಮನಸ್ಸಿನ ಏರಿಳಿತದಲ್ಲಿ ಮಾತ್ರ ಅಂಥ ಲಾಭ ಕಾಣಲಿಲ್ಲ. ಚಿಕ್ಕ ಪರೀಕ್ಷೆ, ಅರ್ಧ ಗೆಲವು. ಆದರೆ ಬಾಗಿಲು ಒಂದೇ ಆಯಿತು.

ನಮಗೂ 2019ರಲ್ಲಿ ಅಂಥ ಒಂದು ಬಾಗಿಲು ಜಿಲ್ಲಾಸ್ಪತ್ರೆಯಲ್ಲಿ ಸಿಕ್ಕಿತು. ಜಿಲ್ಲಾ ಮಟ್ಟದಲ್ಲಿ ಮನೋರೋಗದ ಚಿಕಿತ್ಸೆ ದೊರೆಯುವಂತೆ ಮಾಡುವ ಪ್ರಯೋಗ ಮೊದಲು ನಡೆದದ್ದು ನಮ್ಮ ರಾಜ್ಯದ ಬಳ್ಳಾರಿಯಲ್ಲೇ, 1985ರಲ್ಲಿ. ಅದರ ಫಲ ನಮ್ಮವರೆಗೆ ಬರಲು ಇಷ್ಟು ಕಾಲ ಹಿಡಿಯಿತು. ಆ ದಿನ ನಾನೂ ತಾಯಿಯೂ ಮಾವನೊಡನೆ ಹೋಗಿದ್ದೆವು. ವೈದ್ಯರು ಮಧ್ಯವಯಸ್ಸಿನ ಹೆಂಗಸು. ಎಷ್ಟು ಕುಡಿಯುತ್ತಾರೆ ಎಂದು ಎಲ್ಲರೂ ಮೊದಲು ಕೇಳುವ ಪ್ರಶ್ನೆಯನ್ನು ಅವರು ಕೇಳಲಿಲ್ಲ. “ಕಾಯಿಲೆಗೆ ಮುಂಚೆ ನಿಮ್ಮ ತಮ್ಮ ಎಂಥವರಮ್ಮ?” ಎಂದರು. ತಾಯಿ ಒಂದು ಕ್ಷಣ ಸುಮ್ಮನಿದ್ದಳು. ಮೂರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ಆಮೇಲೆ ಬಾವಿ, ತೋಟದ ಗುತ್ತಿಗೆ, ದುರ್ಯೋಧನ, ಅಕ್ಕನ ಮಕ್ಕಳಿಗೆ ಜಾತ್ರೆಯಲ್ಲಿ ಲೆಕ್ಕವಿಲ್ಲದೆ ಕೊಡಿಸುತ್ತಿದ್ದ ಮಿಠಾಯಿ, ಎಲ್ಲವನ್ನೂ ಹೇಳಿದಳು, ಹೇಳುತ್ತ ಅತ್ತಳು. ವೈದ್ಯರು ಒಂದು ಹಾಳೆಯ ನಡುವೆ ಅಡ್ಡಗೆರೆ ಎಳೆದು, ಗೆರೆಯ ಮೇಲೆ ಉನ್ಮಾದ, ಕೆಳಗೆ ಖಿನ್ನತೆ, ಎಲ್ಲಕ್ಕೂ ಕೆಳಗೆ ಬೇರೊಂದು ಸಾಲಿನಲ್ಲಿ ಕುಡಿತ, ಹೀಗೆ ವರ್ಷ ತಿಂಗಳುಗಳನ್ನು ಗುರುತಿಸುತ್ತ ಹೋದರು. ನಮ್ಮ ತಾಯಿಗೆ ಓದು ಬಾರದು. ತಾರೀಖುಗಳೆಲ್ಲ ಹಬ್ಬಗಳ ಲೆಕ್ಕ. ಯುಗಾದಿಗೆ ನಿದ್ರೆ ಹೋಯಿತು, ಬಸವ ಜಯಂತಿಗೆ ಮೊದಲ ಬೋರು, ಕುಡಿತ ಅದರ ಮೇಲೆ. ಹಾಳೆಯ ಮೇಲೆ ನೋಡಿದಾಗ 2016ರಲ್ಲಿ ಉನ್ಮಾದ ಮುಂದೆ, ಕುಡಿತ ಹಿಂದೆ. ಆದರೆ 2017ರ ಮಳೆಗಾಲದಲ್ಲಿ ಒಂದು ಮದುವೆಯ ಮನೆಯಲ್ಲಿ ವಾರವೆಲ್ಲ ಕುಡಿದು ನಿದ್ರೆಗೆಟ್ಟ ಮೇಲೆ ಉನ್ಮಾದ ಬಂದಿತ್ತು. ಅಲ್ಲಿ ಕುಡಿತ ಮುಂದೆ. ಒಂದನ್ನೊಂದು ಎಳೆದು ತರುತ್ತದೆಂದು ವೈದ್ಯರು ಬೆರಳಿಟ್ಟು ತೋರಿಸಿದರು. ಮದ್ಯ ನಿದ್ರೆಯನ್ನು ಬೇಗ ತರುತ್ತದೆ, ನಡುರಾತ್ರಿಯಲ್ಲಿ ಮುರಿಯುತ್ತದೆ. ಮುರಿದ ನಿದ್ರೆ ಉನ್ಮಾದವನ್ನು ಕೆಣಕುತ್ತದೆ.

ಮಾವ ಆವರೆಗೆ ನೆಲ ನೋಡುತ್ತ ಕುಳಿತಿದ್ದವನು ಆಗ ಬಾಯಿಬಿಟ್ಟ: “ಮೇಲಿದ್ದಾಗ, ಕುಡಿದ್ರೆ ಇನ್ನೂ ಮೇಲಕ್ಕೆ ಹೋಗ್ತೀನಿ ಅನ್ಸೋದು ಮೇಡಂ. ಕೆಳಗಿದ್ದಾಗ, ಏನೂ ಅನ್ನಿಸ್ದೆ ಇರ್ಲಿ ಅಂತ ಕುಡೀತಿದ್ದೆ.”

ವ್ಯಸನಕ್ಕೂ ಕಾಯಿಲೆಗೂ ಒಂದೇ ಕೋಣೆಯಲ್ಲಿ ಚಿಕಿತ್ಸೆ ಮೊದಲಾಯಿತು. ಕೊಟ್ಟದ್ದು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ ಹತ್ತು ಮಂದಿ ಉನ್ಮಾದದ ರೋಗಿಗಳಿಗೆ ಕೊಟ್ಟು ಗುಣ ಕಂಡ ಅದೇ ಲವಣ. ಇದು ಅಗ್ಗ, ಪರಿಣಾಮಕಾರಿ. ಆದರೆ ಕಟ್ಟುನಿಟ್ಟಿನ ಔಷಧ. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲಿನಷ್ಟಿದ್ದರೆ ಕೆಲಸ ಮಾಡುತ್ತದೆ, 1.5 ದಾಟಿದರೆ ವಿಷ. ಮೈಯಲ್ಲಿ ನೀರೂ ಉಪ್ಪೂ ಕಡಿಮೆಯಾದರೆ ಮೂತ್ರಪಿಂಡಗಳು ಇದನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತವೆ. ಕೆಲವು ನೋವಿನ ಮಾತ್ರೆಗಳೂ ಇದೇ ಕೆಲಸ ಮಾಡುತ್ತವೆ. ಔಷಧದ ಡಬ್ಬಿಯೊಳಗಿನ ಇಂಗ್ಲಿಷಿನ ಚೀಟಿಯನ್ನು ಮನೆಯಲ್ಲಿ ಓದಿ ಹೇಳುವವನು ನಾನೊಬ್ಬನೇ ಆದುದರಿಂದ ಇದೆಲ್ಲ ನನಗೆ ಬಾಯಿಪಾಠವಾಗಿತ್ತು.

2023ರ ಏಪ್ರಿಲ್ ತಿಂಗಳು. ಮಾವ ಕುಡಿತ ಬಿಟ್ಟು ಮೂರು ವರ್ಷ ದಾಟಿತ್ತು. ಅತ್ತೆ, ಮಕ್ಕಳು ಹಿಂದಿರುಗಿದ್ದರು. ಬಿಸಿಲಿನಲ್ಲಿ ಕಾಯಿ ಸುಲಿಸುವ ಕೆಲಸ, ಜೊತೆಗೆ ಎರಡು ದಿನದಿಂದ ಭೇದಿ. ಸೊಂಟನೋವಿಗೆ ಅಂಗಡಿಯಿಂದ ಯಾವುದೋ ಮಾತ್ರೆ ತಂದು ನುಂಗಿದ್ದ. ಬೆಳಗ್ಗೆ ಹತ್ತು ಗಂಟೆಗೆ ಬಸ್ ನಿಲ್ದಾಣದಲ್ಲಿ ಅವನ ಕೈ ನಡುಗಿತು, ಮಾತು ತೊದಲಿತು, ಹೆಜ್ಜೆ ಓಲಾಡಿತು. ಚರಂಡಿಯ ಪಕ್ಕದಲ್ಲಿ ಕುಳಿತು ವಾಂತಿ ಮಾಡಿಕೊಂಡ. ಸುತ್ತ ನಿಂತವರು ನಕ್ಕರು. “ಮೂರು ವರ್ಷದ ವ್ರತ ಇವತ್ತಿಗೆ ಮುಗೀತು” ಎಂದ ಒಬ್ಬ. “ಬೆಳಗ್ಗೇನೇ ಏರ್ಸವ್ನೆ” ಎಂದ ಇನ್ನೊಬ್ಬ. ಮಾವನಿಗೆ ಕೇಳಿಸುತ್ತಿತ್ತು, ಉತ್ತರ ಕೊಡಲು ನಾಲಗೆ ತಿರುಗುತ್ತಿರಲಿಲ್ಲ. ಯಾರೋ ಚಾಡಿ ಹೇಳುವ ಉತ್ಸಾಹದಿಂದ ನಮ್ಮ ಮನೆಗೆ ಸುದ್ದಿ ತಂದರು. ತಾಯಿ ಓಡಿದಳು, ಹಿಂದೆ ನಾನು. ಅವಳು ಮೊದಲು ಮಾಡಿದ್ದು ಅವನ ಬಾಯಿಯ ಬಳಿ ಮೂಗಿಟ್ಟು ನೋಡಿದ್ದು. ವಾಸನೆಯಿರಲಿಲ್ಲ. “ಇದು ಅದಲ್ಲ ಕಣೋ, ಆಟೋ ತಾ” ಎಂದಳು. ಜಿಲ್ಲಾಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಲಿಥಿಯಂ 2.1. ಮೂರು ದಿನ ಸಲೈನು ಹಾಕಿ ಉಳಿಸಿದರು. ಇನ್ನೂ ಅರ್ಧ ದಿನ ಅವನನ್ನು ಕುಡುಕನೆಂದೇ ಬಿಟ್ಟಿದ್ದರೆ ಮೂತ್ರಪಿಂಡಗಳು ಹೋಗುತ್ತಿದ್ದುವೆಂದು ವೈದ್ಯರು ಹೇಳಿದರು. ಬಸ್ ನಿಲ್ದಾಣದಲ್ಲಿ ನಕ್ಕವರಲ್ಲಿ ಒಬ್ಬನು ಆಸ್ಪತ್ರೆಗೆ ಎಳನೀರು ತಂದಿದ್ದನೆಂಬುದನ್ನೂ ಹೇಳಬೇಕು. ಊರು ಕೆಟ್ಟದ್ದಲ್ಲ.

ಅಂದಿನಿಂದ ಮಾವನ ಜೇಬಿನಲ್ಲಿ ಒಂದು ಚೀಟಿಯಿರುತ್ತದೆ. ಅದರಲ್ಲಿ ನನ್ನ ಕೈಬರಹದಲ್ಲಿ ಔಷಧದ ಹೆಸರು, ಮನೆಯ ಫೋನು, ಸರ್ಕಾರದವರು 2022ರಲ್ಲಿ ತೆರೆದ ಟೆಲಿಮನಸ್ ಎಂಬ ಮನೋಸಹಾಯವಾಣಿಯ ಸಂಖ್ಯೆ 14416, ಇಷ್ಟು ಬರೆದಿದೆ. ಇದು ಯಾರಿಗೆ ಬೇಕಾದರೂ ಹಣವಿಲ್ಲದೆ ಕನ್ನಡದಲ್ಲಿ ದೊರೆಯುತ್ತದೆ.

ನಮ್ಮ ತಾಯಿಗೆ ಈಗ ಬೇರೆ ಚಿಂತೆ. ಮಾವ ಶಾಂತನಾಗಿದ್ದಾನೆ, ತೋಟ ನೋಡಲು ಹೋದರೆ ಮರಗಳನ್ನು ಎಣಿಸುತ್ತಾನೆ. ಎಣಿಸಿ, ಮನೆಗೆ ಬಂದು, ನನ್ನಿಂದ ಲೆಕ್ಕ ಹಾಕಿಸಿ, ಮಾರನೆಯ ದಿನ ಬೆಲೆ ಹೇಳುತ್ತಾನೆ. “ಮದ್ದು ಕಾಯಿಲೇನ ಮಾತ್ರ ತೆಗೀತೋ, ನನ್ ತಮ್ಮನ್ನೂ ಒಸಿ ತೆಗೀತೋ?” ಎಂದು ಅವಳು ಒಂದು ಸಂಜೆ ಕೇಳಿದಳು. ನಾನು ಓದಿದ ಯಾವ ಪುಸ್ತಕವೂ ಆ ಪ್ರಶ್ನೆಗೆ ನನ್ನ ಬಾಯಲ್ಲಿ ಉತ್ತರ ಇಡಲಿಲ್ಲ. ಇದೇ ಮಾತನ್ನು ಮಾವನಿಗೆ ಹೇಳಿದೆ. ಅವನು ನಕ್ಕು, “ನಾಲ್ಕು ಬೋರು ಕೊರೆಸಿದ ಮೇಲೆ ಯಾವನಾದ್ರೂ ಎಣಿಸ್ತಾನೆ ಕಣೋ” ಎಂದ. “ಮೂರು” ಎಂದೆ. “ನಾಲ್ಕನೇದಕ್ಕೂ ಅಡ್ವಾನ್ಸ್ ಕೊಟ್ಟಿದ್ದೆ” ಎಂದ.

ಈ ಸಲದ ಜಾತ್ರೆಗೆ ಊರಿನವರು ಮತ್ತೆ ‘ಕುರುಕ್ಷೇತ್ರ’ ಆಡುವವರಿದ್ದಾರೆ. ಪಾತ್ರ ಹಂಚುವ ದಿನ ಮಾವನೂ ಹೋಗಿದ್ದ. ಪ್ರಾಕ್ಟೀಸು ಮೂರು ತಿಂಗಳು, ರಾತ್ರಿ ಒಂಬತ್ತರಿಂದ ಒಂದು ಗಂಟೆಯವರೆಗೆ. ನಿದ್ರೆ ಕೆಡಕೂಡದೆಂದು ವೈದ್ಯರ ಆಜ್ಞೆ. ಬೇಡವೇ ಬೇಡವೆಂದು ಅತ್ತೆ. ಅವನ ಇಷ್ಟವೆಂದು ತಾಯಿ. ಹಳೆಯ ಮಾವನಾಗಿದ್ದರೆ ಅಲ್ಲೇ ಹಣ ಎಣಿಸಿ ದುರ್ಯೋಧನನ ಕಿರೀಟ ಕೇಳುತ್ತಿದ್ದ. ಈಗ ಅವನು ಡ್ರಾಮಾ ಮೇಷ್ಟರನ್ನು ಪಕ್ಕಕ್ಕೆ ಕರೆದು, ದುರ್ಯೋಧನನ ಸೀನುಗಳ ಪ್ರಾಕ್ಟೀಸನ್ನು ಸಂಜೆ ಆರು ಗಂಟೆಗೆ ಮೊದಲು ಮುಗಿಸಿಕೊಡುವುದಾದರೆ ಮಾತ್ರ ಪಾತ್ರ ಹಿಡಿಯುತ್ತೇನೆಂದು ಹೇಳಿಬಂದಿದ್ದಾನೆ. ಹಾರ್ಮೋನಿಯಂನವರನ್ನು ಕೇಳಿ ಹೇಳುತ್ತೇನೆಂದು ಮೇಷ್ಟರು ಅಂದಿದ್ದಾರಂತೆ.